ರಜಿಸ್ಟರ್‌ನ್ಯಾಗ ನಾ ಬರದಿದ್ದ ಒಂದ ಶಬ್ದ

ಮಾರ್ಚ್ ಮೊದಲನೇ ವಾರ ಸುರಕ್ಷತಾ ಸಪ್ತಾಹ ಬಂತಂದ್ರ ನಮ್ಮ ಪುಣೆ ಹತ್ರದ ಭೋಸರಿ, ಚಾಕಣ ಕಡೆ ಎಲ್ಲಾ ಕಂಪನಿ ಗೇಟಿಗೂ ಹಸರು ಬ್ಯಾನರ್ ಏರ್ತಾವ, ಎದಿಗೆ ಬ್ಯಾಜ್ ಚುಚ್ಚತಾರ, ಸಾಲಾಗಿ ನಿಂದ್ರಿಸಿ ಶಪಥ ಹೇಳಸ್ತಾರ, ಪೇಢೆ ಕೊಡ್ತಾರ. ಅದು ಮುಗದ ಮ್ಯಾಲಿನ ರವಿವಾರ ನಮ್ಮ ಕನ್ನಡ ಮಂದಿ ಕೂಡಿದಾಗ "ಕಾಕಾ, ನೀವು ಜನ್ಮಾ ಎಲ್ಲಾ ತಗಡಿನ ಪತ್ರಾ ಒತ್ತೂ ಪ್ರೆಸ್ ಶಾಪ್‌ನ್ಯಾಗ ಕಳದೀರಿ, ಅಪಘಾತದ ಮ್ಯಾಲ ಏನರ ಮಾತಾಡ್ರಿ" ಅಂದ್ರು. ಮಾತಾಡಿದೆ. ಈಗ ಅದನ್ನ ಬರದ ಕೊಡ್ರಿ ಅಂತ ಬೆನ್ನ ಹತ್ಯಾರ. ಮಾತಾಡಿದಂಗ ಬರದೀನಿ, ಆವತ್ತ ಮರತದ್ದು ಒಂದೆರಡು ಸೇರಿಸೀನಿ.

ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲಿ ಕುಂತವರಾಗ ಅರ್ಧಾ ಮಂದಿ ವಿಜಯಪುರ, ಕಲಬುರಗಿ, ಬಾಗಲಕೋಟ ಕಡಿಂದ ಬಂದವ್ರು, ಕೆಲವ್ರು ಮಶೀನ್ ಮ್ಯಾಲ, ಕೆಲವ್ರು ಬಿಲ್ಡಿಂಗ್ ಸೈಟ್ ಮ್ಯಾಲ, ಅಕ್ಕಾರು ಕೆಲವ್ರು ಅಸೆಂಬ್ಲಿ ಲೈನ್‌ನ್ಯಾಗ. ನಾ 31 ವರ್ಷ ಒಂದು ವೆಂಡರ್ ಕಂಪನಿಯೊಳಗ ದುಡದೆ, ಹೆಸರು ಬ್ಯಾಡ. ಮೊದ್ಲ ಹೆಲ್ಪರ್, ಆಮ್ಯಾಲ ಆಪರೇಟರ್, ಆಮ್ಯಾಲ ಸುಪರ್ವೈಜರ್. ಸುಪರ್ವೈಜರ್ ಆದ ಕೂಡ್ಲೇ ನನ್ನ ಕೈಗೆ ಒಂದು ಪೆನ್ನು, ಒಂದು ಅಪಘಾತದ ರಜಿಸ್ಟರ್ ಬಂತು. ಅದರಾಗ ಕಡೀ ಕಾಲಮ್ಮು "ಕಾರಣ" ಅಂತ. ಇವತ್ತ ನಾ ಮಾತಾಡೂದು ಆ ಕಾಲಮ್ಮಿನ ಬಗ್ಗೆ.

1996ರ ಸುದ್ದಿ. ನೈಟ್ ಶಿಫ್ಟ್, ಮೂರೂವರಿ ಆಗಿರಬೇಕು. ಇಂಡಿ ಕಡೆ ಹುಡುಗ, 22 ವಯಸ್ಸು, 50 ಟನ್ನಿನ ಪ್ರೆಸ್ ಮ್ಯಾಲ ಗಾಡಿ ಬ್ರ್ಯಾಕೆಟ್ ಹೊಡೀತಿದ್ದ. ಪೆಡಲ್ ಒತ್ತ್ಯಾನ, ಸ್ಟ್ರೋಕ್ ಬಿದ್ದೈತಿ, ಕಾಲ ತಗದಾನ, ಜಾಬ್, ಅಂದ್ರ ಒತ್ತಿದ ತುಂಡು, ತಗೀಲಿಕ್ಕೆ ಕೈ ಒಳಗ ಹಾಕ್ಯಾನ, ಆಗ ಮ್ಯಾಲಿಂದ ಬಡಿಯೂ ರ್‍ಯಾಮ್ ಇನ್ನೊಮ್ಮೆ ಬಂತು. ಎರಡ ಬೆರಳು ಹೋದ್ವು. ನಾ ಓಡಿ ಹೋಗಿ ಅವನ್ನ ಹಿಡಕೊಂಡಾಗ ಅಂವ ನೋವು ಅಂತ ಅನ್ಲಿಲ್ಲ, ಇಷ್ಟ ಅಂದ: "ಸರ, ನಾ ಕಾಲ ಇಟ್ಟಿದ್ದಿಲ್ರೀ, ಅದ ತಾನ ಬಂತ್ರಿ." ಎರಡ್ಮೂರು ಸಲ ಅಂದ. ನಾ "ಆತು ಆತು" ಅಂತ ರಿಕ್ಷಾದಾಗ ಹಾಕಿ ದವಾಖಾನಿಗೆ ಒಯ್ದೆ. ಮುಂಜಾನಿ ಬಂದು ರಜಿಸ್ಟರ್ ತಗದು ಕಾರಣ ಕಾಲಮ್ಮಿನ್ಯಾಗ ಮರಾಠಿಯೊಳಗ ಬರದೆ, "ಕಾಮಗಾರಾಚಾ ನಿಷ್ಕಾಳಜೀಪಣಾ". ಕೆಲಸಗಾರನ ನಿಷ್ಕಾಳಜಿ. ಅದಕ್ಕಿಂತ ಮೊದಲಿನ ಪಾನಿನ್ಯಾಗೂ ಅದ ಶಬ್ದ ಇತ್ತು, ಅದರ ಹಿಂದಿನದರಾಗೂ ಅದ. ನೋಡಿ ಬರದಂಗ ಬರದೆ.

ನಾಕ ದಿನಾ ಆದ ಮ್ಯಾಲ ಡೈ, ಅಂದ್ರ ಅಚ್ಚು, ಕೂಡಸೂ ಡೈ ಸೆಟ್ಟರ್ ಅದ ಪ್ರೆಸ್ ಖಾಲಿ ಓಡಿಸಿ ನೋಡೂವಾಗ ಒಂದ ಪೆಡಲಿಗೆ ಎರಡ ಸಲ ಬಂತು. ಪ್ರೆಸ್ ಓಡಸೂ-ನಿಂದ್ರಸೂ ಕ್ಲಚ್ ಬಿಚ್ಚಿದ್ರ ಸ್ಪ್ರಿಂಗ್ ಮುರದಿತ್ತು, ಅದರೊಳಗಿನ ಚಾವಿ ತಡಿಯೂ ಕಬ್ಬಿಣದ ಮೂಲಿ ಸವದು ಗುಂಡಗ ಆಗಿತ್ತು. ಹುಡುಗ ಹೇಳಿದ್ದು ಖರೇ ಇತ್ತು. ಸ್ಪ್ರಿಂಗ್ ಹಾಕಿದ್ವಿ, ಮೂಲಿಗೆ ವೆಲ್ಡಿಂಗ್ ಹೊಡದು ಗ್ರೈಂಡ್ ಮಾಡಿದ್ವಿ, ಮಧ್ಯಾಹ್ನದಿಂದ ಪ್ರೊಡಕ್ಷನ್ ಸುರು. ರಜಿಸ್ಟರ್‌ನ್ಯಾಗಿನ ಶಬ್ದಾ ಮಾತ್ರ ನಾ ತಿದ್ದಲಿಲ್ಲ. ಯಾರೂ ಕೇಳಲೂ ಇಲ್ಲ. ಈಗ ಕೇಳಿದ್ರ ನಂಗ ಅದು ಆ ಸ್ಪ್ರಿಂಗ್ ಮುರದದ್ದಕ್ಕಿಂತ ದೊಡ್ಡ ತಪ್ಪು ಅನಸ್ತೈತಿ, ಯಾಕಂದ್ರ ಅಂಥಾವ ಇನ್ನೂ ಏಳು ಪ್ರೆಸ್ ನಮ್ಮ ಶಾಪ್‌ನ್ಯಾಗ ಇದ್ವು, ಮತ್ತ ಕಾರಣ "ನಿಷ್ಕಾಳಜಿ" ಅಂತ ಬರದ ಮ್ಯಾಲ ಆ ಏಳರ ಕ್ಲಚ್ ಯಾರು ಬಿಚ್ಚಿ ನೋಡ್ತಾರ?

ಪ್ರೆಸ್ ಗೊತ್ತಿಲ್ದವರಿಗೆ ಸ್ವಲ್ಪ ಹೇಳ್ತೀನಿ, ಗೊತ್ತಿದ್ದವ್ರು ಬೇಜಾರ ಮಾಡ್ಕೋಬ್ಯಾಡ್ರಿ. ಹಳೀ ನಮೂನಿ ಪ್ರೆಸ್‌ನ್ಯಾಗ ಫ್ಲೈವೀಲ್ ಅನ್ನೂ ದೊಡ್ಡ ಚಕ್ರ ಯಾವಾಗ್ಲೂ ತಿರಗ್ತಿರ್ತೈತಿ, ಒಳಗಿನ ಶಾಫ್ಟ್ ನಿಂತಿರ್ತೈತಿ. ಪೆಡಲ್ ಒತ್ತಿದ್ರ ಕ್ಲಚ್ಚಿನೊಳಗಿನ ಒಂದು ಚಾವಿ, ಅಂದ್ರ ಕಬ್ಬಿಣದ ತುಂಡು, ಹೊರಳಿ ಎರಡನ್ನೂ ಗಂಟ ಹಾಕ್ತೈತಿ, ಶಾಫ್ಟ್ ಒಂದು ಸುತ್ತು ಹೊಡೀತೈತಿ, ರ್‍ಯಾಮ್ ಕೆಳಗ ಹೋಗಿ ಮ್ಯಾಲ ಬರ್ತೈತಿ, ಸುತ್ತು ಮುಗಿಯೂ ಹೊತ್ತಿಗೆ ಆ ಮೂಲಿ ಚಾವೀನ ತಡದು ಗಂಟ ಬಿಚ್ಚತೈತಿ. ತಡೀಲಿಲ್ಲ ಅಂದ್ರ ಎರಡನೇ ಸುತ್ತು. ಇದಕ್ಕ ನಾವು "ಡಬಲ್ ಮಾರಿತು" ಅಂತೀವಿ. ಮತ್ತ ಇನ್ನೊಂದು ಮಾತು ಲಕ್ಷ್ಯದಾಗ ಇಟ್ಕೋರಿ, ಮುಂದ ಬೇಕಾಗ್ತೈತಿ: ಚಾವಿ ಒಮ್ಮೆ ಗಂಟ ಬಿತ್ತು ಅಂದ್ರ ಸುತ್ತು ಪೂರಾ ಆಗೂತನಕ ಅದನ್ನ ದೇವ್ರು ಬಂದ್ರೂ ನಿಂದ್ರಸಾಕ ಆಗಂಗಿಲ್ಲ. ನಿಮಿಷಕ್ಕ 60 ಸ್ಟ್ರೋಕ್ ಪ್ರೆಸ್ ಅಂದ್ರ ಒಂದು ಸೆಕೆಂಡಿಗೆ ಒಂದು ಸುತ್ತು, ಕೆಳಗ ಬರಾಕ ಅರ್ಧಾ ಸೆಕೆಂಡ್. ಮನಷ್ಯಾನ ಕೈ ಓಟ ಸೆಕೆಂಡಿಗೆ 1.6 ಮೀಟರ್ ಅಂತ ಲೆಕ್ಕಾ ಹಿಡೀತಾರ, ಅಂದ್ರ ಆ ಅರ್ಧಾ ಸೆಕೆಂಡಿನ್ಯಾಗ ಕೈ 80 ಸೆಂಟಿಮೀಟರ್ ದೂರಿಂದ ಬಂದು ಡೈಯೊಳಗ ಹೋಗಬಹುದು. ಪೆಡಲ್ ಒತ್ತಿದ ಮ್ಯಾಲ "ಅಯ್ಯ ಜಾಬ್ ವಾರಿ ಕುಂತೈತಿ" ಅಂತ ಸರಿ ಮಾಡಾಕ ಹೋಗೂದು ಮನಸ್ಸು ಹೇಳಿ ಮಾಡೂ ಕೆಲಸ ಅಲ್ಲ, ಕೈ ತಾನ ಹೋಗ್ತೈತಿ. ಅಡಗಿ ಮನ್ಯಾಗ ಬೀಳೂ ಚಾಕು ಹಿಡ್ಯಾಕ ಕೈ ಹೋಗಂಗಿಲ್ಲೇನ್ರಿ ಅಕ್ಕಾರ, ಹಂಗ.

ಅದಕ್ಕ ಗೋಡಿ ಮ್ಯಾಲ "ಲಕ್ಷ್ಯ ಕೊಟ್ಟು ಕೆಲಸ ಮಾಡ್ರಿ" ಅಂತ ಬರಸೂದಕ್ಕ ನನ್ನ ವಿರೋಧ ಇಲ್ಲ, ಬಣ್ಣಾ ಹಾಳ ಅಷ್ಟ. ಎಂಟ ತಾಸು, ಮ್ಯಾಲ ನಾಕ ತಾಸು ಓವರ್ ಟೈಮ್, ದಿನಕ್ಕ ಮೂರ ಸಾವಿರ ಸಲ ಕೈ ಒಳಗ ಹೊರಗ ಆಗ್ತಿದ್ರ ಮೂರ ಸಾವಿರದಾಗ ಒಂದು ಸಲ ಲಕ್ಷ್ಯ ತಪ್ಪತೈತಿ. ತಪ್ಪಲೇಬೇಕು, ಅಂವ ಮನಷ್ಯಾ. ಕೇಳಬೇಕಾದ್ದು ಏನಂದ್ರ, ಲಕ್ಷ್ಯ ತಪ್ಪಿದ ಆ ಒಂದು ಸಲ ಕೈ ಅಲ್ಲಿತನಕ ಹ್ಯಾಂಗ ಹೋತು? ಹೋಗಾಕ ಜಾಗಾ ಯಾರು ಬಿಟ್ಟಿದ್ರು?

ಹಿಂಗ ಕೇಳಾಕ ಸುರು ಮಾಡಿದ್ರ ಉತ್ತರಾ ಬ್ಯಾರೆ ಬರ್ತಾವ. ಮೊದಲಿನ ಉತ್ತರಾ, ಕೈ ಒಳಗ ಹಾಕೂ ಕೆಲಸನ ಇಲ್ದಂಗ ಮಾಡೂದು. ಸ್ಟ್ರಿಪ್ ಉದ್ದಕ ಹಾಕಿ ಫೀಡರ್ ಕೂಡ್ಸಿದ್ರ ಕೈ ಬೇಕಾಗೂದೇ ಇಲ್ಲ. ರೊಕ್ಕಾ ಹತ್ತೈತಿ ಖರೇ. ಅದು ಆಗಂಗಿಲ್ಲ ಅಂದ್ರ ಮ್ಯಾಲಿನ ಪಂಚ್, ಕೆಳಗಿನ ಡೈ ನಡುವಿನ ಸಂದಿ 6 ಮಿಲಿಮೀಟರ್‌ಗಿಂತ ಕಡಿಮಿ ಇಟ್ಟು ಡೈ ಮಾಡಸ್ರಿ, ಪತ್ರಾ ಹೋಗ್ತೈತಿ, ಬೆರಳು ಹೋಗಂಗಿಲ್ಲ. ಇಲ್ಲಂದ್ರ ಡೈ ಸುತ್ತ ಜಾಳಗಿ ಗಾರ್ಡ್. ಗಾಳಿ ಹೊಡದು ಜಾಬ್ ಹಾರಸೂದು, ಓರಿ ಮಾಡಿ ತಾನ ಜಾರಿ ಬೀಳೂವಂಗ ಮಾಡೂದು, ಇವೆಲ್ಲಾ ನಮ್ಮ ಟೂಲ್ ರೂಮ್ ಹುಡುಗ್ರು ಚಾ ಕುಡಕೋತ ಮಾಡಿ ಕೊಡೂವಂಥಾವು. ಕಡೀಕೆ ಚಿಮಟಾ, ಮ್ಯಾಗ್ನೆಟ್. ಕೈಗವಸು, ಬೂಟು, ಬೋರ್ಡು ಎಲ್ಲಾಕ್ಕಿಂತ ಕೆಳಗ ಬರ್ತಾವ. ನಮ್ಮಲ್ಲಿ ತಲಿಕೆಳಗ ಮಾಡ್ಯಾರ, ಮೊದ್ಲ ಕೈಗವಸು ಕೊಟ್ಟು "ಸೇಫ್ಟಿ ಆತು" ಅಂತಾರ.

ಕೈಗವಸಿಂದು ಇನ್ನೊಂದು ಐತಿ. ಡ್ರಿಲ್ ಮಶೀನ್, ಲೇಥ್, ಅಂದ್ರ ಏನು ತಿರಗತಾವ ಅವುಗಳ ಮುಂದ ಕೈಗವಸು ಹಾಕ್ಕೊಂಡ್ರ ಕೈಗವಸಿನ ಒಂದು ಎಳಿ ಹಿಡದ್ರ ಸಾಕು, ಕೈ ಸುತ್ತಿ ಒಳಗ ಎಳಕೊಂಡು ಹೋಗ್ತೈತಿ. ಅಲ್ಲಿ ಬರಿಗೈ ಚಲೋ. ಟವೆಲ್, ಓಢಣಿ, ಸಡಲ ತೋಳಿನ ಅಂಗಿ, ಉಂಗುರ ಎಲ್ಲಾ ಹಂಗ. 1948ರ ಕಾರ್ಖಾನೆ ಕಾಯ್ದೇದ 22ನೇ ಕಲಮ್ಮಿನ್ಯಾಗ, ಓಡೂ ಮಶೀನ್ ಹತ್ರ ಎಣ್ಣಿ ಹಾಕೂವಂವ ಮೈಗೆ ಹತ್ತಿದ ಬಿಗಿ ಅರಬಿ ಹಾಕ್ಕೊಂಡಿರಬೇಕು, ಅರಬಿ ಮಾಲಕ ಕೊಡಬೇಕು ಅಂತ ಬರದಿದ್ರು. 21ನೇದು ಮಶೀನಿಗೆ ಬೇಲಿ ಹಾಕೂದಿತ್ತು. 75 ವರ್ಷದ ಮ್ಯಾಲ ಆತು ಬರದು.

ಈಗ ನೀವಂತೀರಿ, ಕಾಕಾ ಗಾರ್ಡ್ ಹಾಕಿದ್ರ ಹುಡುಗ್ರ ತಗದ ಒಗೀತಾರ. ಖರೇ. ಎರಡೂ ಕೈಲೆ ಒತ್ತೂ ಬಟನ್ ಇಟ್ರ ಒಂದರಾಗ ಕಟ್ಟಿಗಿ ಚೂರು ಸಿಗಸ್ತಾರ, ಇಲ್ಲಾ ಸೈಕಲ್ ಟ್ಯೂಬ್ ಸುತ್ತತಾರ. ನಾನೂ ಆಪರೇಟರ್ ಇದ್ದಾಗ ಸುತ್ತೀನಿ, ಸುಳ್ಳ್ಯಾಕ ಹೇಳ್ಲಿ. ಯಾಕ ಸುತ್ತಿದೆ? ತಾಸಿಗೆ 400 ಪೀಸ್ ಅಂತ ಟಾರ್ಗೆಟ್ ಇತ್ತು, ಅದನ್ನ ಹಾಕಿದಾಂವ ಗಾರ್ಡ್ ಇಲ್ದ, ಎಣ್ಣಿ ಹಚ್ಚಿದ, ಹೊಸಾ ಡೈ ಮ್ಯಾಲ ಹತ್ತ ನಿಮಿಷ ವಾಚ್ ಹಿಡದು ಲೆಕ್ಕಾ ತಗದಿದ್ದ. ಗಾರ್ಡ್ ಹಾಕಿದ್ರ 320 ಆಗ್ತಿತ್ತು. ಟಾರ್ಗೆಟ್ ಆಗ್ಲಿಲ್ಲ ಅಂದ್ರ ಇನ್ಸೆಂಟಿವ್ ಇಲ್ಲ. ಅಂದ್ರ ಆ ಟ್ಯೂಬ್ ನಾ ಸುತ್ತಿದ್ದೆ ಖರೇ, ಸುತ್ತಾಕ ಹಚ್ಚಿದ್ದು ಆಫೀಸಿನ್ಯಾಗಿನ ಒಂದು ಹಾಳಿ. ಗಾರ್ಡ್ ಹಾಕೂ ದಿನಾ ಟಾರ್ಗೆಟ್ ಮತ್ತ ಹೊಸದಾಗಿ ಅಳೀಬೇಕು. ಇದನ್ನ ಯಾವ ಬ್ಯಾನರ್ ಮ್ಯಾಲೂ ನಾ ನೋಡಿಲ್ಲ. ಬಟನ್‌ಗೂ ಉಪಾಯ ಐತಿ, ಎರಡೂ ಅರ್ಧಾ ಸೆಕೆಂಡಿನೊಳಗ ಕೂಡೇ ಒತ್ತಬೇಕು, ಪ್ರತಿ ಸ್ಟ್ರೋಕಿಗೂ ಎರಡೂ ಬಿಟ್ಟು ಮತ್ತ ಒತ್ತಬೇಕು, ಇಲ್ಲಂದ್ರ ಪ್ರೆಸ್ ಏಳಂಗಿಲ್ಲ, ಅಂಥಾ ರಿಲೇ ಬರ್ತೈತಿ. ಆಗ ಟ್ಯೂಬ್ ಸುತ್ತಿ ಉಪಯೋಗ ಇಲ್ಲ.

ಈ "ನಿಷ್ಕಾಳಜಿ" ಅನ್ನೂದು ನಮ್ಮೂರಿಂದ ಅಷ್ಟ ಅಲ್ರಿ. ಅಮೆರಿಕಾದಾಗ ಹೈನ್ರಿಚ್ ಅಂತ ಒಬ್ಬಾಂವ ಇದ್ದ, ಇನ್ಶೂರೆನ್ಸ್ ಕಂಪನಿಯಾಂವ, 1931ರಾಗ ಒಂದು ಪುಸ್ತಕಾ ಬರದ. ಸೇಫ್ಟಿ ಟ್ರೇನಿಂಗ್ ಎಲ್ಲಿ ಹೋದ್ರೂ ಅವನ ತ್ರಿಕೋನ ತೋರಸ್ತಾರ, ಒಂದು ದೊಡ್ಡ ಅಪಘಾತ, ಅದರ ಕೆಳಗ 29 ಸಣ್ಣವು, ಅದರ ಕೆಳಗ 300 ಏನೂ ಆಗದ ತಪ್ಪಿದ್ದು. ಅಂಕಿ ಎಲ್ಲಾ ಕಡೆ ಹಿಂಗ ಬರ್ತೈತಿ ಅಂತ ಇಲ್ಲ, ಆದ್ರ ತಪ್ಪಿದ್ದನ್ನ ನೋಡ್ರಿ ಅನ್ನೂ ಮಾತು ಚಲೋ ಐತಿ. ಅದ ಮನಷ್ಯಾ ಇನ್ನೊಂದು ಹೇಳ್ಯಾನ, ಅಪಘಾತದಾಗ ನೂರಕ್ಕ 88 ಕೆಲಸಗಾರರ ತಪ್ಪಿನಿಂದ ಅಂತ. ಸಾವಿರಾರು ಕ್ಲೇಮ್ ಫೈಲು, ಕಾರ್ಖಾನಿ ರಿಪೋರ್ಟು ನೋಡಿ ಹೇಳಿದ್ದು. ಆ ರಿಪೋರ್ಟು ಬರದವ್ರು ಯಾರಂತೀರಿ? ಬಹಳಷ್ಟು ಸುಪರ್ವೈಜರ್‌ಗಳು. ಇದನ್ನ ಓದಿದಾಗ ನಂಗ ನಗಿ ಬಂತು, ಆಮ್ಯಾಲ ಬರ್ಲಿಲ್ಲ. ನನ್ನಂಥಾವ್ರು ನಸಕಿನ್ಯಾಗ ಕಣ್ಣ ಉರಿಯೂವಾಗ ಬರದ ಶಬ್ದಾನ ಕೂಡ್ಸಿ 88 ಆಗಿರಬೇಕು.

ಮುಂಬೈದು ಒಂದು ಹಳೀ ಸುದ್ದಿ ಇಲ್ಲಿ ನೆನಪಿಗೆ ಬರ್ತೈತಿ. 1944ರ ಏಪ್ರಿಲ್ 14, ವಿಕ್ಟೋರಿಯಾ ಡಾಕ್. ಫೋರ್ಟ್ ಸ್ಟಿಕಿನ್ ಅನ್ನೂ ಹಡಗಿನ್ಯಾಗ ಬೆಂಕಿ ಹತ್ತಿ ಸಿಡದು ಡಾಕ್ ಸುತ್ತಲಿನ ಮೊಹಲ್ಲಾನ ಹಾರಿ ಹೋತು, ಬೆಂಕಿ ಆರಸಾಕ ಹೋದ ಅಗ್ನಿಶಾಮಕದವ್ರು ಬಹಳ ಮಂದಿ ಸತ್ರು, ಅವರ ನೆನಪಿಗೇ ಏಪ್ರಿಲ್ 14ಕ್ಕ ದೇಶದಾಗ ಅಗ್ನಿಶಾಮಕ ದಿನಾ ಮಾಡ್ತಾರ. ಯಾರೋ ಬೀಡಿ ಒಗದಿರಬೇಕು ಅಂತ ಹೇಳೂದು ಸುಲಭ. ಆದ್ರ ಆ ಹಡಗಿನ್ಯಾಗ ಸಾವಿರ ಟನ್ನಿಗೂ ಮಿಕ್ಕಿ ಸ್ಫೋಟಕ ಇತ್ತು, ಅದರ ಜೋಡಿ ಹತ್ತಿ ಅಂಡಿಗಿ ತುಂಬಿದ್ರು. ಹತ್ತಿ ಮತ್ತ ಮದ್ದು ಒಂದ ಹಡಗಿನ್ಯಾಗ ಇಡ್ರಿ ಅಂದಾವ ಹಮಾಲ ಅಲ್ಲ ಹೌದಿಲ್ಲೋ.

ಮೆಂಟೆನನ್ಸ್ ಮಾಡೂವರಿಗೆ ಒಂದು ಮಾತು. ಪ್ರೆಸ್ ಮೋಟಾರ್ ಬಂದ್ ಮಾಡಿದ್ರ ಪ್ರೆಸ್ ನಿಂತು ಅಂತ ತಿಳೀಬ್ಯಾಡ್ರಿ. ಫ್ಲೈವೀಲ್ ಇನ್ನೂ ನಿಮಿಷಗಟ್ಲೆ ತಿರಗತೈತಿ, ಅದರ ಒಳಗ ಒಂದು ಸ್ಟ್ರೋಕ್ ಹೊಡ್ಯೂವಷ್ಟು ಜೀವಾ ಇರ್ತೈತಿ. ಪೆಡಲ್‌ಗೆ ಕಾಲ ತಾಗಿದ್ರ ಮುಗೀತು. ಚಕ್ರ ಪೂರಾ ನಿಂದ್ರೂತನಕ ಕಾಯ್ರಿ, ರ್‍ಯಾಮ್ ಕೆಳಗ ದಪ್ಪನ್ನ ಠೋಕಳಾ (ತುಂಡು) ಆಧಾರ ಕೊಡ್ರಿ, ಯಾಕಂದ್ರ ರ್‍ಯಾಮ್ ತನ್ನ ಭಾರಕ್ಕ ತಾನೂ ಇಳೀತೈತಿ. ಮತ್ತ ಮೇನ್ ಸ್ವಿಚ್‌ಗೆ "ಕೆಲಸ ನಡದೈತಿ" ಅಂತ ಬೋರ್ಡ್ ತೂಗಬಿಟ್ರ ಸಾಲಂಗಿಲ್ಲ, ಕೀಲಿ ಹಾಕ್ರಿ. ಕೆಲಸಾ ಮಾಡೂವರು ಮೂರ ಮಂದಿ ಇದ್ರ ಮೂರ ಕೀಲಿ, ಅವರವರ ಚಾವಿ ಅವರವರ ಕಿಸೆದಾಗ. ನಮ್ಮಲ್ಲಿ ಒಮ್ಮೆ ಫಿಟ್ಟರ್ ಕನ್ವೇಯರ್ ಕೆಳಗ ಮಲಗಿ ಕೆಲಸಾ ಮಾಡೂವಾಗ ಶಿಫ್ಟ್ ಬದಲಾತು, ಹೊಸಾ ಶಿಫ್ಟಿನಾಂವ ಬೋರ್ಡ್ ತಗದು ಬಾಜೂಕ ಇಟ್ಟು ಸ್ವಿಚ್ ಏರಿಸಿದ. ಬೋರ್ಡ್ ನಿನ್ನೀದು ಅಂತ ತಿಳಕೊಂಡನಂತ. ದೇವರ ದಯಾ, ಬೆಲ್ಟ್ ಬಿಚ್ಚಿ ಇಟ್ಟಿದ್ರು, ಬರೀ ಮೋಟಾರ್ ತಿರಗಿತು. ಮರುದಿನಾ 12 ಕೀಲಿ ಬಂದ್ವು. ಸ್ಟೋರ್‌ನಾಂವ "ಇಷ್ಟ್ಯಾಕ ಕೀಲಿ, ಒಂದ ಸಾಲಂಗಿಲ್ಲೇನು" ಅಂತ ಗೊಣಗಿದ, ಗೊಣಗಲಿ.

ಸೈಟ್ ಮ್ಯಾಲಿನವರಿಗೆ, ಮತ್ತ ಮೇ ತಿಂಗಳಾಗ ಶೆಡ್ ರಿಪೇರಿಗೆ ಹೋಗೂವರಿಗೆ. ಮಳಿ ಬರೂಕಿಂತ ಮೊದ್ಲ ಎಲ್ಲಾ ಶೇಠ್‌ಗೂ ಸೋರೂ ಪತ್ರಾ ನೆನಪಾಗ್ತೈತಿ. ಸಿಮೆಂಟ್ ಪತ್ರಾ ಬಿಸಲಿಗೆ ಮಳಿಗೆ ಹತ್ತಿಪ್ಪತ್ತ ವರ್ಷ ಬಿದ್ದು ಹಪ್ಪಳ ಆಗಿರ್ತೈತಿ, ಮ್ಯಾಲಿಂದ ನೋಡಿದ್ರ ಗಟ್ಟಿ ಕಾಣ್ತೈತಿ. ಕಾಲಿಟ್ರ ಸೀದಾ ಕೆಳಗ. 6 ಮೀಟರ್ ಎತ್ತರದಿಂದ ಬಿದ್ರ ನೆಲಾ ಮುಟ್ಟಾಕ 1.1 ಸೆಕೆಂಡ್, ಮುಟ್ಟೂವಾಗಿನ ಓಟ ತಾಸಿಗೆ 39 ಕಿಲೋಮೀಟರ್. ಬೈಕ್ ಮ್ಯಾಲ ಆ ಸ್ಪೀಡಿಗೆ ಗೋಡಿಗೆ ಹಾಯ್ದಂಗ. ಪತ್ರಾ ಮ್ಯಾಲ ಹಲಗಿ ಹಾಸಿ, ಭಾರಾ ಎರಡು ಪರ್ಲಿನ್, ಅಂದ್ರ ಪತ್ರಾ ಹೊತ್ತ ಅಡ್ಡ ತೊಲಿ, ಮ್ಯಾಲ ಬೀಳೂವಂಗ ಮಾಡಿ ಹಲಗಿ ಮ್ಯಾಲ ಅಷ್ಟ ನಡೀಬೇಕು. ಬೆಲ್ಟ್ ಬಗ್ಗೆ ಒಂದ ಪ್ರಶ್ನೆ ಕೇಳ್ರಿ: ಕೊಂಡಿ ಎಲ್ಲಿ ಹಾಕ್ಲಿ? ನಾ ಎಷ್ಟ ಕಡೆ ನೋಡೀನಿ, ಮೈಮ್ಯಾಲ ಹೊಸಾ ಬೆಲ್ಟು, ಕೊಂಡಿ ಅವನ ಸೊಂಟಕ್ಕ ಸಿಗಸಕೊಂಡಿರ್ತಾನ, ಯಾಕಂದ್ರ ಹಾಕಾಕ ಮ್ಯಾಲ ಹಗ್ಗನ ಇಲ್ಲ. ಬಿದ್ರ ಬೆಲ್ಟ್ ಸುದ್ದಾ ಬೀಳ್ತಾನ. ಸಾಹೇಬ್ರು ಫೋಟೋ ತಗೊಂಡು ಹೋಗ್ತಾರ, ಫೋಟೋದಾಗ ಬೆಲ್ಟ್ ಚಂದ ಕಾಣಸ್ತೈತಿ.

ಟಾಕಿ, ಗಟಾರ, ಹೊಲಸು ನೀರು ಶುದ್ಧ ಮಾಡೂ ಎಸ್‌ಟಿಪಿ. ಹೌಸಿಂಗ್ ಸೊಸಾಯಿಟಿ ಕೆಲಸಕ್ಕ ಹೋಗೂವರು ಕೇಳ್ರಿ. ಹೊಲಸು ನೀರಿನ ಟಾಕಿಯೊಳಗ ಹೈಡ್ರೋಜನ್ ಸಲ್ಫೈಡ್ ಕೂಡಿರ್ತೈತಿ, ಕೊಳತ ತತ್ತಿ ವಾಸನಿ. "ವಾಸನಿ ಬಂದ್ರ ಹೊರಗ ಬರ್ತೀನಿ" ಅಂತಾರ. ಗ್ಯಾಸ್ ಹೆಚ್ಚಿದ್ರ ಮೂಗು ಸತ್ತು ಹೋಗ್ತೈತಿ, ವಾಸನೀನ ಬರಂಗಿಲ್ಲ, ಒಂದೆರಡು ಉಸರಿಗೆ ಮನಷ್ಯಾ ಬೀಳ್ತಾನ. ಮ್ಯಾಲ ನಿಂತಾಂವ "ಅಣ್ಣಾ ಬಿದ್ದ" ಅಂತ ಜಿಗೀತಾನ, ಅಂವನೂ ಬೀಳ್ತಾನ, ಮೂರನೇದಾವ ಹಗ್ಗಾ ತರಾಕ ಓಡೂ ಬದಲಿ ಜಿಗೀತಾನ. ಪೇಪರ್‌ನ್ಯಾಗ "ಮೂವರ ಸಾವು" ಅಂತ ಬರೂದು ಬಹಳ ಸಲ ಹಿಂಗ. ಅಲ್ಲಿ ಧೈರ್ಯಾ ಕೆಲಸಕ್ಕ ಬರಂಗಿಲ್ಲ, ಮ್ಯಾಲಿಂದ ಹಗ್ಗಲೆ ಎಳೀಬೇಕು, ಹಗ್ಗಾ ಇಳಿಯೂಕಿಂತ ಮೊದ್ಲ ಕಟ್ಟಿರಬೇಕು. ಮೀಟರ್ ಇಳಿಬಿಟ್ಟು ಆಕ್ಸಿಜನ್ 19.5ಕ್ಕಿಂತ ಕಡಿಮಿ ತೋರಿಸಿದ್ರ ಯಾರೂ ಇಳಿಯೂದಿಲ್ಲ. ಖರೇ ಹೇಳಬೇಕಂದ್ರ ಗಟಾರ, ಶೌಚದ ಟಾಕಿಯೊಳಗ ರಕ್ಷಣಾ ಇಲ್ದ ಮನಷ್ಯಾನ ಇಳಸೂದನ್ನ 2013ರ ಕಾಯ್ದೆ ಅಪರಾಧ ಅಂತೈತಿ. ಐದನೂರ ರೂಪಾಯಿ ಹೆಚ್ಚಿಗೆ ಕೊಡ್ತೀನಿ ಅಂದ್ರೂ ಒಲ್ಲೆ ಅನ್ರಿ.

ಇನ್ನ ಲೆಕ್ಕದ ಆಟ. ಗೇಟಿನ ಹತ್ರ ಬೋರ್ಡ್ ಇರ್ತೈತಿ, "ಅಪಘಾತ ಇಲ್ದ ದಿನಗಳು: 412". ಕಾಯ್ದೇದಾಗ ಏನೈತಿ ಅಂದ್ರ, ಪೆಟ್ಟ ಬಿದ್ದಾಂವ 48 ತಾಸು ಕೆಲಸಕ್ಕ ಬರಾಕ ಆಗ್ಲಿಲ್ಲ ಅಂದ್ರ ಮಾಲಕ ಸರಕಾರಕ್ಕ ತಿಳಸಬೇಕು. ಅದಕ್ಕ ಏನ ಮಾಡ್ತಾರ, ಕೈಗೆ ಬ್ಯಾಂಡೇಜ್ ಸುತ್ತಿದ ಹುಡುಗನ್ನ ಮರುದಿನಾನ ರಿಕ್ಷಾ ಕಳಿಸಿ ಕರಸ್ತಾರ, ಹಾಜರಿ ಹಾಕ್ತಾರ, ಸ್ಟೋರ್‌ನ್ಯಾಗ ಖುರ್ಚಿ ಮ್ಯಾಲ ಕೂಡಸ್ತಾರ. ಕೆಲಸಕ್ಕ ಬಂದ ಅಂದ ಮ್ಯಾಲ ಅಪಘಾತ ಎಲ್ಲೈತಿ? ಬೋರ್ಡ್ 413 ಆತು. ನಾ ಇದಕ್ಕ ಸಹಿ ಹಾಕೀನಿ. ಆ ಬೋರ್ಡಿಗೆ ಬಹುಮಾನ ಇಟ್ಟಾಗಿಂದ ಸಣ್ಣ ಪೆಟ್ಟ ಯಾರೂ ಹೇಳವಲ್ರಾಗಿ ಹೋದ್ರು, ಇಡೀ ಲೈನಿನ ಬಹುಮಾನ ತಪ್ಪಿಸಿದಾಂವ ಅನಸ್ಕೊಳಾಕ ಯಾರಿಗೆ ಬೇಕ್ರಿ.

ಕಡೀಕೆ ನಾ ಬ್ಯಾರೆ ಒಂದು ಮಾಡಿದೆ. ಚಾ ಹೊತ್ತಿನ್ಯಾಗ ಒಂದು ಶಾಲಿ ನೋಟ್‌ಬುಕ್ ಇಟ್ಟೆ, ಮ್ಯಾಲ ಬರದೆ "ತಪ್ಪಿತು". ಹೆಸರು ಹಾಕೂದು ಇಲ್ಲ, ಯಾರ ತಪ್ಪು ಅಂತ ಬರಿಯೂದು ಇಲ್ಲ. ಏನ ಆಗೂದಿತ್ತು, ಯಾವ ಮಶೀನು, ಅಷ್ಟ. ಮೊದಲ ಹದಿನೈದ ದಿನಾ ಖಾಲಿ. ಆಮ್ಯಾಲ ನಾನ ನನ್ನದೊಂದು ಬರದೆ, ಎಣ್ಣಿ ಮ್ಯಾಲ ಜಾರಿ ಗ್ರೈಂಡರ್ ಹತ್ರ ಹೋಗಿದ್ದೆ ಅಂತ. ಮರುದಿನಾ ಯಾರೋ ಬರದ್ರು, "7 ನಂಬರ್ ಪ್ರೆಸ್ ಮ್ಯಾಲ ನಿಲ್ಲೂ ಕಡೆ ನಿಲ್ಲವಲ್ದು, ಜಾರಿ ನಿಲ್ತೈತಿ". ಫಿಟ್ಟರ್ ಹೋಗಿ ನೋಡಿದ, ಬ್ರೇಕಿನ ಪಟ್ಟಿ ಎಣ್ಣಿ ಕುಡದಿತ್ತು. ಆ ಒಂದು ಸಾಲಿನಿಂದ ಎಷ್ಟ ಬೆರಳು ಉಳದ್ವೋ ಹೇಳಾಕ ಬರಂಗಿಲ್ಲ, ಉಳದ ಬೆರಳಿನ ಲೆಕ್ಕಾ ಯಾರೂ ಇಡಂಗಿಲ್ಲ. ಆದ್ರ ಬರದ ಮೂರ ದಿನದಾಗ ರಿಪೇರಿ ಆತು ಅಂತ ಕಂಡ ಮ್ಯಾಲನ ಹುಡುಗ್ರು ಬರ್‍ಯಾಕ ಹತ್ತಿದ್ರು. ರಿಪೇರಿ ಆಗ್ಲಿಲ್ಲ ಅಂದ್ರ ನೋಟ್‌ಬುಕ್ ಇಟ್ಟು ಉಪಯೋಗ ಇಲ್ಲ. ಅದರಿಂದನ ಇನ್ನೊಂದು ರೂಢಿ ಬಂತು, ಶಿಫ್ಟ್ ಸುರು ಆಗೂಕಿಂತ ಮೊದ್ಲ ಒಳಗ ಏನೂ ಹಾಕದ ಹತ್ತ ಸ್ಟ್ರೋಕ್ ಖಾಲಿ ಹೊಡೀರಿ, ರ್‍ಯಾಮ್ ಪ್ರತಿ ಸಲ ಮ್ಯಾಲ ಅದ ಜಾಗಾದಾಗ ನಿಲ್ತೈತೋ ಇಲ್ಲೋ ನೋಡ್ರಿ. ಒಂದು ಸಲ ಜಾರಿತು ಅಂದ್ರ ಮೋಟಾರ್ ಬಂದ್.

ಕಾಗದದ ಮಾತು ಲಗೂ ಹೇಳಿ ಬಿಡ್ತೀನಿ. ಕೆಲಸಗಾರರ ವಿಮಾದ್ದು, ಅಂದ್ರ ಇಎಸ್‌ಐ ನಂಬರ್ ಕೆಲಸಕ್ಕ ಸೇರಿದ ದಿನಾನ ಕೇಳಿ ತಗೋರಿ, ಅಪಘಾತ ಆದ ಮ್ಯಾಲ ಗಡಬಡಿಲೆ ನಂಬರ್ ಮಾಡಿಸೂ ಕಾಂಟ್ರ್ಯಾಕ್ಟರ್ ಬಹಳ ಮಂದಿ ಅದಾರ. ಕೆಲಸದ ಮ್ಯಾಲ ಪೆಟ್ಟ ಬಿದ್ರ ಇಷ್ಟ ತಿಂಗಳ ದುಡದಿರಬೇಕು ಅನ್ನೂ ಷರತ್ತು ಇಲ್ಲ, ಗುಣಾ ಆಗೂತನಕ ಪಗಾರಿನ 90 ಪರ್ಸೆಂಟ್ ಬರ್ತೈತಿ. ಬೆರಳಿಗೂ ರೇಟ್ ಐತ್ರಿ, 1923ರ ಪರಿಹಾರ ಕಾಯ್ದೇದ ಪಟ್ಟಿಯೊಳಗ ಹೆಬ್ಬೆರಳಿಗೆ ದುಡಿಯೂ ಶಕ್ತಿಯ 30 ಪರ್ಸೆಂಟ್, ತೋರಬೆರಳಿಗೆ 14, ಒಂದ ಕೈಯಾಗಿನ ಎರಡ ಬೆರಳಿಗೆ 20 ಅಂತ ಇತ್ತು. ನಮ್ಮ ಇಂಡಿ ಹುಡುಗಂದು 20. ಅಂವ ಆಮ್ಯಾಲ ಊರಿಗೆ ಹೋದ, ಅಲ್ಲಿ ಎರಡ ಬೆರಳ ಇಲ್ದ ಕೈಲೆ ಎತ್ತಿನ ಹಗ್ಗಾ ಹಿಡಿಯೂದು 20 ಪರ್ಸೆಂಟ್ ತ್ರಾಸೋ 50 ಪರ್ಸೆಂಟ್ ತ್ರಾಸೋ ಪಟ್ಟಿ ಮಾಡಿದವರಿಗೆ ಗೊತ್ತಿರಾಕಿಲ್ಲ.

ಸಣ್ಣ ಶೆಡ್‌ನವರದು ಹೆಚ್ಚಿನ ತ್ರಾಸು. 1948ರ ಕಾಯ್ದೇದಾಗ ಕರೆಂಟ್ ಇದ್ದಲ್ಲಿ 10 ಮಂದಿ ಇದ್ರ ಅದು ಕಾರ್ಖಾನಿ ಅಂತಿತ್ತು, 2020ರ ಹೊಸಾ ಕಾರ್ಮಿಕ ಕೋಡ್ ಅದನ್ನ 20 ಮಾಡೇತಿ. ಭೋಸರಿ ಗಲ್ಲಿಯೊಳಗ ಎಂಟ ಮಂದಿ, ಐದ ಪ್ರೆಸ್ ಇರೂ ಶೆಡ್ ಎಷ್ಟ ಬೇಕ ಅಷ್ಟ ಅದಾವ, ದೊಡ್ಡ ಕಂಪನಿ ಹಳೀ ಪ್ರೆಸ್ ಮಾರಿದ್ರ ಅಲ್ಲೇ ಬರ್ತಾವ. ಕಾರ್ಖಾನಿ ತಪಾಸಣಿ ಸಾಹೇಬ್ರು ಬಂದು ನೋಡ್ತಾರ ಅಂತ ದಾರಿ ಕಾಯಬ್ಯಾಡ್ರಿ ಅಲ್ಲಿ.

ಆಮ್ಯಾಲ ಪ್ರಶ್ನೆ ಕೇಳ್ರಿ ಅಂದೆ. ಹಿಂದಿನ ಸಾಲಿನ ಒಬ್ಬ ಅಕ್ಕ ಎದ್ದು, "ಕಾಕಾ, ನಮ್ಮನಿಯವ್ರು ಪ್ರೆಸ್ ಮ್ಯಾಲ ಅದಾರ್ರಿ, ಚಿಮಟಾ ಹಿಡೀರಿ ಅಂತ ನಾ ಹ್ಯಾಂಗ ಹೇಳ್ಲಿ, ಕೈ ಪಳಗೇತಿ ಅಂತಾರ" ಅಂದ್ಲು. ನಾ ಜಾಣತನಾ ಮಾಡಾಕ ಹೋಗಿ, "ನೀವು ರೊಟ್ಟಿ ಬೆಂಕಿ ಮ್ಯಾಲ ಕೈಲೆ ತಿರುವ್ತೀರೇನವಾ, ಚಿಮಟಾ ಹಿಡೀತೀರಿಲ್ಲೋ" ಅಂದೆ. ಇಡೀ ಹೆಣ್ಣಮಕ್ಕಳ ಕಡೆಯಿಂದ ನಗಿ. "ಕಾಕಾ, ರೊಟ್ಟಿ ನಾವು ಕೈಲೇನ ತಿರುವೂದ್ರಿ" ಅಂದ್ಲು. ನಾನೂ ನಕ್ಕೆ. ಅಕಿನ ಮತ್ತ ಅಂದ್ಲು, ಬಳಿ ಮ್ಯಾಲ ಸರಿಸಿ ತೋರಿಸಿ, "ಇದು ನೋಡ್ರಿ, ಇದು ನೋಡ್ರಿ, ಪಳಗಿದ್ದಕ್ಕ ಬಂದಾವ." ಸುಟ್ಟ ಕಲಿ. ಮನ್ಯಾಗ ಇದನ್ನ ತೋರಿಸಿ ಹೇಳ್ರಿ ಅಂದೆ.

ಕಡೀಕೆ ಒಬ್ಬ ಹುಡುಗ, ಇಪ್ಪತ್ತಿರಬೇಕು, ಎದ್ದು ಅಂದ: "ಕಾಕಾ, ನಮ್ಮಲ್ಲಿ ಪ್ರೆಸ್‌ಗೆ ಸೆನ್ಸರ್ ಹಾಕ್ಯಾರ, ಕೆಂಪ ಲೈಟಿನ ಪಡದೆ, ಕೈ ಹೋದ್ರ ನಿಂದರ್ತೈತಿ, ನಮಗೇನ ಅಂಜಿಕಿ ಇಲ್ಲ." ಶೇಠ್ ರೊಕ್ಕಾ ಹಾಕ್ಯಾನ, ಚಲೋ ಮಾಡ್ಯಾನ ಅಂದೆ. ಆಮ್ಯಾಲ ಕೇಳಿದೆ, "ತಮ್ಮಾ, ಪೆಡಲ್ ಒತ್ತಿದ ಕೂಡ್ಲೇ ಏನ ಸಪ್ಪಳ ಬರ್ತೈತಿ? ಫುಸ್ ಅಂತ ಗಾಳಿ ಸಪ್ಪಳೋ, ಟಕ್ ಅಂತ ಕಬ್ಬಿಣದ ಸಪ್ಪಳೋ?"

ಹುಡುಗ ಕಣ್ಣ ಮುಚ್ಚಿ ನೆನಪ ಮಾಡ್ಕೊಂಡ. ಕಾಲ ಸುದ್ದಾ ಒತ್ತಿದಂಗ ಅಳ್ಳಾಡಿತು.

"ಟಕ್ ಅಂತೈತ್ರಿ ಕಾಕಾ."

ಪ್ರೆಸ್ ಮ್ಯಾಲ ದುಡಿಯೂವರು ನಾಕೈದ ಮಂದಿ ಒಮ್ಮಿಗೇ ಅವನ ಕಡೆ ಹೊಳ್ಳಿ ನೋಡಿದ್ರು. ಗಾಳಿ ಕ್ಲಚ್ ಆದ್ರ ಸೆನ್ಸರ್ ಹೇಳಿದ ಕೂಡ್ಲೇ ನಡುವ ನಿಂದರ್ತೈತಿ. ಚಾವಿ ಕ್ಲಚ್ಚಿಗೆ ಸೆನ್ಸರ್ ಏನ ಹೇಳಿದ್ರೂ ಕೇಳಂಗಿಲ್ಲ, ಸುತ್ತು ಪೂರಾ ಮಾಡೇ ನಿಂದರ್ತೈತಿ, ಅಂಥಾ ಪ್ರೆಸ್‌ಗೆ ಆ ಕೆಂಪ ಲೈಟು ದೀಪಾವಳಿ ಸರ ಇದ್ದಂಗ. ಇದನ್ನ ಅವಂಗ ಅಲ್ಲೇ ಬಿಡಿಸಿ ಹೇಳಿದೆ, ಕೈ ಹೋಗದಂಗ ಜಾಳಗಿ ಹಾಕಸ್ರಿ, ಅಲ್ಲಿತನಕ ಚಿಮಟಾ ಇಲ್ದ ಒಂದ ಸ್ಟ್ರೋಕೂ ಹೊಡೀಬ್ಯಾಡ ಅಂತ ನನ್ನ ನಂಬರ್ ಕೊಟ್ಟು ಕಳಿಸಿದೆ. ಬುಧವಾರ ರಾತ್ರಿ ಫೋನ್ ಬಂತು. ಶೇಠ್ ಮೊದ್ಲ "ಅಷ್ಟ ರೊಕ್ಕದ ಸೆನ್ಸರ್ ಇದ್ದ ಮ್ಯಾಲ ಚಿಮಟಾ ಯಾಕ" ಅಂತ ಸಿಟ್ಟಾದನಂತ. ಹುಡುಗ ಒಂದು ಕಟ್ಟಿಗಿ ತುಂಡು ತಗೊಂಡು, ಪೆಡಲ್ ಒತ್ತಿ, ಕೆಂಪ ಲೈಟಿನ ನಡುವ ತೂರಿಸಿ ತೋರಿಸ್ಯಾನ. ಟೂಲ್ ರೂಮ್‌ನ್ಯಾಗ ಅಲ್ಯುಮಿನಿಯಮ್‌ದು ನಾಕ ಚಿಮಟಾ ಮಾಡಾಕ ಹತ್ಯಾರ, ಡೈಗೆ ಪೆಟ್ಟ ಬೀಳಬಾರದಲ್ಲ ಅದಕ್ಕ ಅಲ್ಯುಮಿನಿಯಮ್. ಜಾಳಗಿ ಮುಂದಿನ ವಾರ ಅಂದಾನಂತ.